ನೀರಿನ ಕೆಳಗಿನ ಊಟ

ಊಟಕ್ಕೆ ಕೂತವರು ಮೊದಲು ಎಲೆ ನೋಡುತ್ತಾರೆ. ಇವರು ಮೊದಲು ಸೂರು ನೋಡುತ್ತಿದ್ದರು. ಅನ್ನ ಬೀಳುವವರೆಗೂ ಕತ್ತು ಮೇಲೆಯೇ. ಪೇಪರು ಓದುವವರ ಹಾಗೆ ಈ ಗೋಡೆಯಿಂದ ಆ ಗೋಡೆಗೆ ಸಾಲುಸಾಲಾಗಿ ನೋಡಿ ಮುಗಿಸಿ, ಆಮೇಲೆ ಎಲೆಗೆ ನೀರು ಚಿಮುಕಿಸಿಕೊಳ್ಳುತ್ತಿದ್ದರು. ಇವರು ನಮ್ಮ ಮೆಸ್ಸಿಗೆ ಬಂದ ಮೊದಲ ದಿನ ನನಗೆ ಸಿಟ್ಟೇ ಬಂತು. ತಪ್ಪು ಹುಡುಕಲು ಬಂದ ಕಾರ್ಪೊರೇಷನ್ ಮನುಷ್ಯನಿರಬೇಕು ಎಂದುಕೊಂಡೆ.

“ಎಂತ ನೋಡುವುದು ಮೇಲೆ? ಜೇಡರ ಬಲೆ ಇಲ್ಲ. ಮೊನ್ನೆಯಷ್ಟೆ ಹೊಡೆಸಿದ್ದು” ಎಂದೆ.

“ಬಲೆ ಅಲ್ರೀ ಅಕ್ಕಾರ. ಆ ಮೂಲ್ಯಾಗ ಸೂರು ಬೆವತದ ನೋಡ್ರಿ. ಮ್ಯಾಲ ನೀರು ನಿಂದರತಾವೇನು?”

ನಿಲ್ಲುತ್ತಿತ್ತು. ತಾರಸಿಯಲ್ಲಿ ಹಪ್ಪಳ ಒಣಗಿಸುವ ಮಂಚದ ಕೆಳಗೆ, ನೀರು ಹೋಗುವ ಪೈಪಿನ ಬಾಯಿಗೆ ಕಸ ಕಟ್ಟಿಕೊಂಡು, ಒಂದು ವಾರದಿಂದ ನಿಂತಿತ್ತು. ದಿನಾ ಆ ಮೂಲೆಯ ಕೆಳಗೆ ಓಡಾಡುವ ನನಗೆ ಕಾಣದ್ದು, ಸಾರು ಬರುವುದಕ್ಕೆ ಮೊದಲು ಅವರಿಗೆ ಕಂಡಿತ್ತು. ಕಸ ತೆಗೆಸಿ ಆ ಮೂಲೆಗೆ ಗಾರೆ ಹಚ್ಚಿಸಿದೆ.

ಈಗ ಅವರಿಲ್ಲ. ಇಲ್ಲಿ ಕಲ್ಕತ್ತೆಯ ಕನ್ನಡ ಸಂಘದವರು ವರ್ಷಕ್ಕೊಂದು ಪುಸ್ತಕ ತರುತ್ತಾರೆ. ಅದಕ್ಕೆ ಇವರ ಬಗ್ಗೆ ನಾಲ್ಕು ಒಳ್ಳೆ ಮಾತು ಬರೆದುಕೊಡಿ ಎಂದು ಕೇಳಿದರು. ನಾನು ಓದಿದ್ದು ಮೂರನೇ ಕ್ಲಾಸು. ಮೆಸ್ಸಿನ ಬೋರ್ಡಿನ ಮೇಲೆ ದಿನವೂ ಸೀಮೆಸುಣ್ಣದಲ್ಲಿ ಸಾರು, ಹುಳಿ, ಪಲ್ಯ ಎಂದು ಬರೆದು ಬರೆದು ಅಕ್ಷರ ಉಳಿದುಕೊಂಡವು, ಅಷ್ಟೆ. ಒಳ್ಳೆ ಮಾತು ಹೇಳಲು ಬೇರೆಯವರಿದ್ದಾರೆ. ನನ್ನ ಹತ್ತಿರ ಇರುವುದು ಬೇರೆ, ಅದನ್ನೇ ಬರೆಯುತ್ತೇನೆ. ಹೆಸರು ಬೇಡ ಎಂದು ಅವರ ಹೆಂಡತಿ ಹೇಳಿದ್ದಾರೆ. ಹಾಕುವುದಿಲ್ಲ.

ಧಾರವಾಡದ ಕಡೆಯವರು. ಕೃಷಿ ಕಾಲೇಜಿನಲ್ಲಿ ಕಲಿತು, ಕೇಂದ್ರ ಸರಕಾರದ ಒಂದು ಕಚೇರಿಯ ತೋಟದ ವಿಭಾಗ ಸೇರಿ, ಊರೂರು ತಿರುಗಿ ಕೊನೆಗೆ ಕಲ್ಕತ್ತೆಯಲ್ಲಿ ರಿಟೈರಾದವರು. ನೌಕರಿ ಇದ್ದಷ್ಟು ದಿನ ದೊಡ್ಡ ಸಾಹೇಬರ ಬಂಗಲೆಗೆ ಡೇಲಿಯಾ ಬೆಳೆಸಿದೆ, ಇನ್ನು ಮುಂದಾದರೂ ಕೆಲಸ ಮಾಡುತ್ತೇನೆ ಎನ್ನುತ್ತಿದ್ದರು. ಕೆಲಸ ಎಂದರೆ ತಾರಸಿಯ ಮೇಲೆ ತೋಟ, ಗೋಡೆಯ ಮೇಲೆ ಬಳ್ಳಿ. ತಾರಸಿಗೆ ಬಂಗಾಳಿಯಲ್ಲಿ ಛಾದ್ ಎನ್ನುತ್ತಾರೆ. ಗಾರೆಯವರೆಲ್ಲ ಇವರನ್ನು ಛಾದ್ ಬಾಬು ಎಂದು ಕರೆಯುತ್ತಿದ್ದರು. ಛಾದ್ ಬಾಬುವಿಗೆ ಸ್ವಂತ ಛಾದ್ ಇರಲಿಲ್ಲ. ಬೆಹಾಲಾದಲ್ಲಿ ನೆಲಮಹಡಿಯ ಎರಡು ಕೋಣೆ. ಕಿಟಕಿಯ ಕಟ್ಟೆಯ ಮೇಲೆ ಒಂದು ತುಳಸಿ, ಅದೂ ಅರ್ಧ ಒಣಗಿದ್ದು.

“ಊರ ಮಂದಿ ಛಾವಣಿಗೆಲ್ಲಾ ನೀರು ಹೊಯ್ತಾರ, ಮನಿ ತುಳಸಿ ನೆನಪಿರಂಗಿಲ್ಲ” ಎಂದು ಅವರ ಹೆಂಡತಿ ಒಮ್ಮೆ ನನ್ನೆದುರೇ ಹೇಳಿದರು. ಹೆಂಡತಿ ಹಿಂದಿ ಶಾಲೆಯಲ್ಲಿ ಟೀಚರು. ಹಾಗಾಗಿ ಇವರ ಮಧ್ಯಾಹ್ನದ ಊಟ ನಮ್ಮಲ್ಲಿ.

ಅದು ಕಂಪ್ಯೂಟರ್ ಕಂಪೆನಿಗಳು ಒಂದರ ಹಿಂದೊಂದು ಬರುತ್ತಿದ್ದ ಕಾಲ. ಸಾಲ್ಟ್ ಲೇಕಿನ ಐದನೇ ಸೆಕ್ಟರ್ ತುಂಬಿತು, ಆಮೇಲೆ ನ್ಯೂ ಟೌನ್ ಎದ್ದಿತು. ಗದ್ದೆ, ಮೀನಿನ ಕೆರೆ ಮುಚ್ಚಿದಲ್ಲೆಲ್ಲ ಗಾಜಿನ ಕಟ್ಟಡ. ಇವರು ಬಸ್ಸಿನಲ್ಲಿ ಅಲ್ಲಿಗೆ ಹೋಗಿ, ಎತ್ತರದ ಯಾವುದಾದರೂ ಕಟ್ಟಡ ಹತ್ತಿ, ಸುತ್ತಲಿನ ತಾರಸಿಗಳನ್ನು ನೋಡಿಕೊಂಡು ಬರುತ್ತಿದ್ದರು.

“ಎಲ್ಲಾ ಬೋಳು. ಕೆಳಗ ಅಷ್ಟು ಗದ್ದಿ ನುಂಗ್ಯಾರ, ಮ್ಯಾಲ ಒಂದೀಟು ಹೊಳ್ಳಿ ಕೊಡಬಾರದೇನ್ರಿ?”

“ಅದನ್ನು ನನ್ನ ಹತ್ತಿರ ಕೇಳಿದರೆ ಎಂತ ಪ್ರಯೋಜನ? ನಾನು ನುಂಗಿದ್ದಾ?” ಎನ್ನುತ್ತಿದ್ದೆ.

ಆದರೆ ಅವರ ತೋಟ ಮೊದಲು ಎದ್ದದ್ದು ನನ್ನ ಅಡುಗೆಮನೆಯ ಮೇಲೆಯೇ. ಲೇಕ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ನಮ್ಮದು ಹಳೆ ಮನೆ. ಉಡುಪಿ ಕಡೆಯಿಂದ ಬಂದ ನನ್ನ ಯಜಮಾನರು ಹಾಕಿದ ಮೆಸ್ಸು, ಅವರು ಹೋದ ಮೇಲೆ ನಾನು ನಡೆಸಿದೆ. ಅಡುಗೆಮನೆಯ ಸೂರು ತಗ್ಗು. ವೈಶಾಖದಲ್ಲಿ ಮೇಲಿನಿಂದ ಬಿಸಿಲು, ಕೆಳಗಿನಿಂದ ಒಲೆ. ಅಡುಗೆಯವರು ಎರಡು ತಿಂಗಳು ನಿಂತರೆ ಹೆಚ್ಚು. ಇವರು ಒಂದು ದಿನ ದೊಡ್ಡ ಥರ್ಮಾಮೀಟರ್ ತಂದು ಅಡುಗೆಮನೆಯಲ್ಲಿ ತೂಗು ಹಾಕಿದರು. ಒಂದು ವಾರ ದಿನವೂ ಬಂದು ನೋಡಿ ಬರೆದುಕೊಂಡು, “ಅಕ್ಕಾರ, ಇದು ಅಡಗಿಮನಿ ಅಲ್ಲ, ಇಟ್ಟಂಗಿ ಭಟ್ಟಿ” ಎಂದರು.

“ಅದು ನಂಗೆ ಗೊತ್ತುಂಟು. ಅದಕ್ಕೆ ಗಾಜಿನ ಕಡ್ಡಿ ಬೇಕಾ?”

ಇಟ್ಟಿಗೆ ಚೂರು, ಅದರ ಮೇಲೆ ತೆಂಗಿನ ನಾರು, ಅದರ ಮೇಲೆ ಗೇಣಿಗಿಂತ ಕಡಿಮೆ ಹಗುರ ಮಣ್ಣು. ಬಸಳೆ, ಒಂದೆಲಗ, ಗರಿಕೆ. ಹೂವಿನ ಗಿಡ ಒಂದೂ ಇಲ್ಲ. ಹೂವು ಸಾಹೇಬರಿಗೆ, ಹುಲ್ಲು ಸೂರಿಗೆ ಎಂದರು. ಮಾರನೆಯ ವೈಶಾಖದಲ್ಲಿ ಅಡುಗೆಯವನು ಓಡಿಹೋಗಲಿಲ್ಲ. ಬಸಳೆಗೆ ಬಂಗಾಳಿಗಳು ಪುಯಿ ಶಾಕ್ ಎನ್ನುತ್ತಾರೆ, ಅವರಿಗೂ ಪ್ರಾಣ. ವಾರಕ್ಕೆರಡು ದಿನ ಬೋರ್ಡಿನ ಮೇಲೆ ಬಸಳೆ ಎಂದು ಬರೆಯುವಂತಾಯಿತು. ತಂಪಾಯಿತೇ ಎಂದು ಯಾರಾದರೂ ಕೇಳಿದರೆ, ಆಯಿತು. ಅದರಲ್ಲಿ ಸುಳ್ಳಿಲ್ಲ.

ಅಂದಿನಿಂದ ಪ್ರತಿ ವರ್ಷ ಒಂದೇ ಬೇಡಿಕೆ. ಊಟಕ್ಕೆ ಕೂರುವ ಹಾಲಿನ ಮೇಲಿನ ದೊಡ್ಡ ತಾರಸಿಯನ್ನೂ ಕೊಡಿ.

“ಹಪ್ಪಳ, ಸಂಡಿಗೆ ಎಲ್ಲಿ ಒಣಗಿಸಲಿ? ನಿಮ್ಮ ತಲೆ ಮೇಲಾ?”

“ಹಾಕ್ರಿ. ಬೋಳದ, ಜಾಗಾ ಭಾಳದ.”

ನಾನು ಕೊಡಲಿಲ್ಲ.

ಈಗ ಆ ಊಟದ ವಿಷಯ ಹೇಳಬೇಕು. ತಾರಸಿಗೆ ಮಣ್ಣು ಹಾಕುವ ಮೊದಲು ಅದು ಸೋರುವುದಿಲ್ಲ ಎಂದು ಖಾತ್ರಿಯಾಗಬೇಕು. ಮಣ್ಣು ಬಿದ್ದ ಮೇಲೆ ಸೋರಿಕೆ ಎಲ್ಲಿದೆ ಎಂದು ಹುಡುಕಲಾಗುವುದಿಲ್ಲ. ಅದಕ್ಕೆ ನೀರು ಹೋಗುವ ಪೈಪಿನ ಬಾಯಿಗೆ ಗೋಣಿ ಸುತ್ತಿದ ಮರದ ಬೆಣೆ ಹೊಡೆದು, ತಾರಸಿಯ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸುತ್ತಾರೆ. ನೀರಿನ ಮಟ್ಟಕ್ಕೆ ಮೋಟುಗೋಡೆಯ ಮೇಲೆ ಒಂದು ಗೆರೆ. ಇದು ಎಲ್ಲ ಕಡೆ ಉಂಟಂತೆ. ಮೂರನೆಯ ದಿನ ಮಧ್ಯಾಹ್ನ ಅದರ ಕೆಳಗೆ ಕೂತು ಊಟ ಮಾಡುವುದು ಮಾತ್ರ ಇವರೇ ಮಾಡಿದ ಪದ್ಧತಿ. ಕೆಲಸಕ್ಕೆ ಕೈ ಹಾಕಿದ ಪ್ರತಿಯೊಬ್ಬರೂ ಅವತ್ತು ಆ ಸೂರಿನ ಕೆಳಗೆ ಒಂದೇ ಪಂಕ್ತಿಯಲ್ಲಿ ಕೂರಬೇಕು. ಎಲೆಗೆ ಒಂದು ಹನಿ ಬಿದ್ದರೂ ಮೊದಲಿನಿಂದ ಶುರು.

“ಮೂರನೇ ದಿನಾನೇ ಯಾಕೆ? ಮೊದಲ ದಿನ ಸೋರದ್ದು ಆಮೇಲೆ ಸೋರುತ್ತದಾ?” ಎಂದು ಕೇಳಿದ್ದೆ.

“ಕಾಂಕ್ರೀಟಿನೊಳಗ ನೀರು ನಿಮ್ಮಂಗ ನಡೀತದ್ರಿ, ಗೋಡಿ ಹಿಡಕೊಂಡು ಸಾವಕಾಶ. ಕೆಳಗ ಮುಖಾ ತೋರಸ್ಲಿಕ್ಕೆ ಮೂರನೇ ದಿನ ಬೇಕು.”

ನನ್ನ ಮೊಣಕಾಲಿನ ಮೇಲೆ ಆಡಿದ ಮಾತು. ಬಿಟ್ಟೆ. ಗೆರೆ ಎಳೆಯಲು ಸೀಮೆಸುಣ್ಣ ನನ್ನ ಬೋರ್ಡಿನದ್ದೇ. ಕೇಳದೆ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಪಂಕ್ತಿಯವರು ನಾಲ್ಕು ಜನ. ನಕ್ಷೆ ಬರೆಯುವ ಆರ್ಕಿಟೆಕ್ಟ್ ಹೆಂಗಸು, ಭಾರದ ಲೆಕ್ಕ ಹಾಕುವ ಎಂಜಿನಿಯರ್, ಸೋರದಂತೆ ಡಾಂಬರಿನ ಹಾಳೆ ಹಾಸುವ ಕಂಟ್ರಾಕ್ಟರ್, ಜೋಕಾ ಕಡೆಯ ಒಬ್ಬ ನರ್ಸರಿಯವನು. ನಾಲ್ವರೂ ಬಂಗಾಳಿಗಳು. ಛಾದ್ ಬಾಬುವೇ ಒಬ್ಬೊಬ್ಬರ ಮನೆಗೆ ಹತ್ತು ಸಲ ಹೋಗಿ ಅವರನ್ನು ಹಿಡಿದು ತಂದದ್ದು. ಶನಿವಾರ ಊಟದ ಗದ್ದಲ ಮುಗಿದ ಮೇಲೆ ನಮ್ಮ ಹಾಲಿನಲ್ಲಿ ಸೇರುತ್ತಿದ್ದರು. ಮಾತೆಲ್ಲ ಬಂಗಾಳಿ, ಹಿಂದಿ. ನಾನು ಕನ್ನಡದಲ್ಲಿ ಬರೆದಿದ್ದೇನೆ.

“ಗಿಡದವಗ ಭಾರ ಗೊತ್ತಿಲ್ಲ, ಭಾರದವಗ ಬೇರು ಗೊತ್ತಿಲ್ಲ. ಒಬ್ಬರ ಮಾರಿ ಒಬ್ಬರು ನೋಡಂಗಿಲ್ಲ. ಅದಕ್ಕ ಛಾದ್ ಸೋರತಾವ, ಗಿಡ ಸಾಯ್ತಾವ. ಇವರನ್ನ ಒಂದ ಪಂಕ್ತಿಗೆ ಕೂಡಿಸಿದ್ರ ನನ್ನ ಕೆಲಸ ಮುಗೀತು ಅಕ್ಕಾರ.”

ಕೂಡಿಸುವುದು ಸುಲಭ ಇರಲಿಲ್ಲ. ಮೀನಿಲ್ಲದ ಊಟಕ್ಕೆ ಕರೆದು ಮೀಟಿಂಗ್ ಮಾಡುವವರು ಭೂಮಿಯ ಮೇಲೆ ನೀವೊಬ್ಬರೇ ಎಂದು ನರ್ಸರಿಯವನು ಪ್ರತಿ ಶನಿವಾರ ಗೊಣಗುತ್ತಿದ್ದ. ಎಂಜಿನಿಯರ್ ಇನ್ನೂ ಮುಂದೆ.

“ದಾದಾ, ಕಲ್ಕತ್ತೆಯಲ್ಲಿ ಗೋಡೆಗೆ ಗಿಡ ಹಚ್ಚಲು ನಾಲ್ಕು ಪಂಡಿತರು ಬೇಕಾ? ಉತ್ತರ ಕಲ್ಕತ್ತೆಗೆ ಹೋಗಿ ನೋಡಿ. ಒಂದೊಂದು ಮನೆಯ ಗೋಡೆಯಲ್ಲಿ ಮೂರು ಅಶ್ವತ್ಥ ತಾವಾಗಿಯೇ ಹುಟ್ಟಿವೆ.”

“ಅದು ಗೋಡೆ ತಿನ್ನುವ ಹಸಿರು. ನಾನು ಹೇಳುವುದು ಗೋಡೆ ಕಾಯುವ ಹಸಿರು” ಎಂದು ಇವರು.

“ಗೋಡೆಗೆ ವ್ಯತ್ಯಾಸ ಗೊತ್ತಾ?”

“ಗೋಡೆಗೆ ಗೊತ್ತಿಲ್ಲ. ಅದಕ್ಕೇ ನಿನ್ನನ್ನು ಕರೆದದ್ದು.”

ಡಾಂಬರಿನವನಿಗೆ ಪಂಕ್ತಿಯಲ್ಲಿ ಒಂದು ಗೊತ್ತಾದ ಜಾಗ ಇತ್ತು. ಮೇಲೆ ಬೆಣೆ ಹೊಡೆದ ಪೈಪಿನ ಬಾಯಿ ಎಲ್ಲಿದೆಯೋ ಅದರ ನೇರ ಕೆಳಗೆ. ಸೋರಿದರೆ ಮೊದಲು ಅಲ್ಲೇ ಸೋರುತ್ತದೆ. ನನ್ನ ಅಡುಗೆಮನೆಯಲ್ಲಿ ಮೊದಲ ನೀರಿನ ಊಟ ನಡೆದ ದಿನ ಅವನು ಕೊಡೆ ತಂದಿದ್ದ. ಆರ್ಕಿಟೆಕ್ಟ್ ಹೆಂಗಸು ನಕ್ಕು ನಕ್ಕು ಸಾರು ನೆತ್ತಿಗೇರಿಸಿಕೊಂಡಳು. ಹನಿ ಬೀಳಲಿಲ್ಲ.

ಆಮೇಲೆ ಅಲ್ಲಿ ಇಲ್ಲಿ ಸಣ್ಣ ಕೆಲಸ ಸಿಕ್ಕಿತು. ಒಬ್ಬ ಡಾಕ್ಟರ ಮನೆ, ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲು. ಕಂಪೆನಿಗಳು ಮಾತ್ರ ಬಾಗಿಲಲ್ಲೇ ಕಳಿಸುತ್ತಿದ್ದವು. ಇವರು ಫೈಲು ಹಿಡಿದು ಹೋಗುವುದು, ಸಣ್ಣ ಪ್ರಾಯದ ಮ್ಯಾನೇಜರು ಕಾಫಿ ಕೊಟ್ಟು ಕಳಿಸುವುದು.

“ಇವತ್ತು ಎಂತ ಹೇಳಿದರು?” ಎಂದು ಕೇಳುತ್ತಿದ್ದೆ.

“ಸೋರ್ತದ ಅಂದ್ರು. ಎಲ್ಲಾರೂ ಅದನ್ನ ಅಂತಾರ. ಒಂದು ದೊಡ್ಡ ಛಾದ್ ಆತಂದ್ರ ಸಾಕ್ರಿ. ಅದನ್ನ ನೋಡಿ ಹತ್ತು ಕಂಪನಿ ತಾವ ಬರ್ತಾವ.” ಎಲೆ ಮಡಿಸುತ್ತ ಹೇಳಿದರು: “ಆ ಒಂದು ಸೋರಿತಂದ್ರ, ನಾ ಇರೂತನಕ ಈ ಊರಾಗ ಯಾರೂ ಅದರ ಹೆಸರೆತ್ತಂಗಿಲ್ಲ.”

ಆ ಒಂದು ಸಿಕ್ಕಿತು. ನ್ಯೂ ಟೌನಿನಲ್ಲಿ ಹೊಸದಾಗಿ ಕಟ್ಟುತ್ತಿದ್ದ ಒಂದು ಕಂಪೆನಿಯ ಕಟ್ಟಡ. ಮೂರನೇ ಮಹಡಿಯ ಮೇಲೆ ಹೊರಚಾಚಿದ ದೊಡ್ಡ ತಾರಸಿ, ಅದರ ಕೆಳಗೆ ಉದ್ದದ ಹಾಲು. ಆ ಹಾಲಿಗೆ ಮುಂದೆ ದೊಡ್ಡ ಕಂಪ್ಯೂಟರುಗಳು ಬರುವುದಿತ್ತು. ಮೇಲೆ ತೋಟ ಮಾಡಿ ಎಂದರು. ಒಪ್ಪಿಗೆಯ ಕಾಗದ ಬಂದ ದಿನ ಇವರು ಊಟಕ್ಕೆ ಬಂದು, ಸೂರು ನೋಡಿ, ಎಲೆ ನೋಡಿ, ಉಣ್ಣದೆ ಎದ್ದು ಹೋದರು. ಹಸಿವೇ ಆಗುತ್ತಿಲ್ಲ ಎಂದರು.

ಮಾಘದ ಚಳಿ. ಒಂದು ಗುರುವಾರ ಬೆಳಿಗ್ಗೆ ನೀರು ನಿಲ್ಲಿಸಿ ಗೆರೆ ಎಳೆದರು. ಶನಿವಾರ ಮಧ್ಯಾಹ್ನ ಊಟ. ಲೇಕ್ ಮಾರ್ಕೆಟ್ಟಿನಿಂದ ಕಳಿಸಿದರೆ ಸಾರು ಆರಿಹೋಗುತ್ತದೆ, ಅಲ್ಲೇ ಬಂದು ಮಾಡಿ ಎಂದು ನನಗೆ ಹೇಳಿದರು. ನಾನು ಶುಕ್ರವಾರ ಮಧ್ಯಾಹ್ನವೇ ಪಾತ್ರೆ, ಒಲೆ, ಸಾಮಾನು ಹೇರಿಕೊಂಡು ಹೋದೆ. ನಾಲ್ವರು, ಅವರ ಕೆಲಸದವರು, ಕಂಪೆನಿಯವರು ಎಲ್ಲ ಸೇರಿ ಅರವತ್ತು ಎಲೆ. ತಾರಸಿಯ ಪಕ್ಕದ ಶೆಡ್ಡಿನಲ್ಲಿ ಜಾಗ ಕೊಟ್ಟಿದ್ದರು.

ಅಲ್ಲಿ ನಲ್ಲಿಯಲ್ಲಿ ನೀರಿಲ್ಲ. ಪಂಪು ಕೆಟ್ಟಿದೆ, ಟ್ಯಾಂಕರು ನಾಳೆ ಬೆಳಿಗ್ಗೆ ಎಂದ ಕಾವಲಿನ ದರವಾನ. ಬಿಹಾರದವನು, ನನ್ನಷ್ಟೇ ವಯಸ್ಸು. ಅಡುಗೆಗೆ ಕ್ಯಾನಿನಲ್ಲಿ ತಂದಿದ್ದೆ. ಆದರೆ ಸಿಮೆಂಟಿನ ಧೂಳು ತುಂಬಿದ ನೆಲ ತೊಳೆಯದೆ ಅಲ್ಲಿ ಒಲೆ ಹೂಡುವುದು ಹೇಗೆ? ದಾರಿಯ ಧೂಳು ಹೊಕ್ಕ ಪಾತ್ರೆ ತೊಳೆಯದೆ ಹೇಗೆ? ನಾಲ್ಕು ಹೆಜ್ಜೆ ಆಚೆ ತಾರಸಿ ತುಂಬ ನೀರು, ಬಿಸಿಲಿಗೆ ಹೊಳೆಯುತ್ತ ಸುಮ್ಮನೆ ನಿಂತಿತ್ತು. ಮೊದಲು ಬಕೆಟ್ಟಿನಲ್ಲಿ ಮೊಗೆಯಲು ನೋಡಿದೆ. ಸೊಂಟ ಬಗ್ಗಲಿಲ್ಲ.

“ಮಾಯಿಜೀ, ಈ ಪೈಪು ಕೆಳಗೆ ಕಲ್ಲು ಹಾಸಿದಲ್ಲಿ ಬಿಡುತ್ತದೆ. ಬೆಣೆ ಸ್ವಲ್ಪ ಸಡಿಲ ಮಾಡಿದರೆ ಅಲ್ಲೇ ತೊಳೆಯಬಹುದು” ಎಂದ ದರವಾನ. ನನ್ನ ಮೇಲಿನ ಕನಿಕರಕ್ಕೆ ಹೇಳಿದ್ದು.

ಸಡಿಲ ಮಾಡಿದ್ದು ನಾನು. ಅದು ಸಡಿಲವಾಗಲಿಲ್ಲ, ಕೈಗೇ ಬಂತು. ಗೋಣಿ ಬಿಚ್ಚಿಕೊಂಡು ನೀರಿನ ಜೊತೆ ಪೈಪಿನೊಳಗೆ ಹೋಯಿತು. ಬರಿ ಮರದ ತುಂಡು ನಿಲ್ಲುತ್ತದೆಯೇ? ಇಬ್ಬರೂ ಮೊಣಕಾಲೂರಿ ಒತ್ತಿದೆವು, ಸೆರಗು ತುರುಕಿದೆವು. ನೀರಿನ ರಭಸ ನಮ್ಮನ್ನು ಕೇಳಲಿಲ್ಲ. ಸಂಜೆಯಾಗುವಷ್ಟರಲ್ಲಿ ಗುಬ್ಬಿ ಮೀಯುವಷ್ಟು ಉಳಿದಿತ್ತು. ದರವಾನ ತಲೆಯ ಮೇಲೆ ಕೈ ಹೊತ್ತು ಕೂತ. ನೌಕರಿ ಹೋಯಿತು ಮಾಯಿಜೀ, ಹೆಣ್ಣುಮಗಳ ಮದುವೆ ಗೊತ್ತಾಗಿದೆ ಎಂದ.

“ಸುಮ್ಮನಿರು. ನೀರೇ ತಾನೆ? ಬೆಳಿಗ್ಗೆ ಟ್ಯಾಂಕರಿನಿಂದ ತುಂಬಿಸುವ” ಎಂದೆ.

ಬೆಳಿಗ್ಗೆ ಹೊಸ ಗೋಣಿ ಸುತ್ತಿ ಬೆಣೆ ಹೊಡೆದು, ಟ್ಯಾಂಕರು ಬಂದ ಕೂಡಲೇ ಮೊದಲು ತಾರಸಿಗೆ ಬಿಟ್ಟೆವು. ಗೆರೆಗೆ ಸರಿಯಾಗಿ ನಿಲ್ಲಿಸಿದೆ. ಒಂದು ಕೂದಲಿನಷ್ಟೂ ಹೆಚ್ಚು ಕಡಿಮೆ ಇಲ್ಲದ ಹಾಗೆ, ಇಡ್ಲಿಹಿಟ್ಟು ಅಳೆಯುವವಳ ಕಣ್ಣಿನಲ್ಲಿ ನಿಲ್ಲಿಸಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು, ನನಗೆ ಗೊತ್ತಿರಲಿಲ್ಲ.

ಅವರು ಹನ್ನೊಂದಕ್ಕೆ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ನೇರ ಗೆರೆಯ ಹತ್ತಿರ ಹೋಗಿ ಕುಕ್ಕುರುಗಾಲಿನಲ್ಲಿ ಕೂತು, ಜೇಬಿನಿಂದ ಉಕ್ಕಿನ ಸ್ಕೇಲು ತೆಗೆದು ಇಟ್ಟು ನೋಡಿದರು. ಇನ್ನೊಂದು ಸಲ ಇಟ್ಟು ನೋಡಿದರು.

“ಇಲ್ಲೆ ಬಿಸಲು ಬಿದ್ದಿಲ್ಲೇನ್ರಿ ಅಕ್ಕಾರ ನಿನ್ನೆ?”

ನಾನು ಹುಳಿ ತಿರುವುತ್ತಿದ್ದೆ. ಶೆಡ್ಡಿನ ಬಾಗಿಲಲ್ಲಿ ದರವಾನ ನಿಂತಿದ್ದ, ಕಣ್ಣು ನನ್ನ ಮೇಲೆ. ಕಂಪೆನಿಯ ಮ್ಯಾನೇಜರು ಗಡಿಯಾರ ನೋಡಿಕೊಳ್ಳುತ್ತಿದ್ದ. ಹನ್ನೆರಡು ದಿನಕ್ಕೆ ಉದ್ಘಾಟನೆ, ಮಂತ್ರಿಗಳು ಬರುವವರು.

“ಬಿದ್ದಿರಬೇಕು. ನಾನು ನೋಡಲಿಲ್ಲ” ಎಂದೆ.

“ದಾದಾ, ಗೆರೆಯಿಂದ ಇಳಿದೇ ಇಲ್ಲ! ಇನ್ನೇನು ಬೇಕು? ಬನ್ನಿ, ಮಾಶಿಮಾ ಮಾಡಿದ ಸಾರಿನ ಪರಿಮಳ ಬರುತ್ತಿದೆ” ಎಂದು ಆರ್ಕಿಟೆಕ್ಟ್ ಹೆಂಗಸು ಕೂಗಿದಳು. ಮಾಶಿಮಾ ಎಂದರೆ ಚಿಕ್ಕಮ್ಮ, ನನ್ನನ್ನು ಅವಳು ಕರೆಯುತ್ತಿದ್ದದ್ದು ಹಾಗೆ.

ಅವರು ಸ್ಕೇಲು ಜೇಬಿಗೆ ಹಾಕಿಕೊಂಡು ಎದ್ದರು. ಕೆಳಗಿನ ಹಾಲಿನಲ್ಲಿ ಪಂಕ್ತಿ ಹಾಕಿತ್ತು. ಡಾಂಬರಿನವನು ತನ್ನ ಜಾಗದಲ್ಲಿ ಕೂತ. ಕೊಡೆ ತರಲಿಲ್ಲವಾ ಎಂದು ನರ್ಸರಿಯವನು ಕಿಚಾಯಿಸಿದ. ಎಲ್ಲರೂ ತಲೆ ಎತ್ತಿ ಸೂರು ನೋಡಿ, ನಗುತ್ತ ಉಂಡರು. ಹನಿ ಬೀಳಲಿಲ್ಲ. ಹೇಗೆ ಬೀಳುತ್ತದೆ? ಆ ನೀರಿಗೆ ಇನ್ನೂ ಅರ್ಧ ದಿನವೂ ಆಗಿರಲಿಲ್ಲ. ಪಾಯಸ ಎರಡನೇ ಸಲ ಬಡಿಸಿದ್ದು ನಾನೇ. ಆ ಹೊತ್ತಿನಲ್ಲಿ ಒಂದು ಮಾತು ಆಡಬಹುದಿತ್ತು. ಅರವತ್ತು ಎಲೆ ಕಂಡಿತು, ದರವಾನನ ಮುಖ ಕಂಡಿತು, ಪಾಯಸದ ಪಾತ್ರೆ ಹಿಡಿದು ಮುಂದಿನ ಎಲೆಗೆ ಹೋದೆ.

ತೋಟ ಚೆನ್ನಾಗಿಯೇ ಬಂತು. ಮಂತ್ರಿಗಳು ನೀರು ಹಾಕಿದ ಫೋಟೋ ಪೇಪರಿನಲ್ಲಿ ಬಂತು. ಆಷಾಢದಲ್ಲಿ ಮಳೆ ಹಿಡಿದು ನಾಲ್ಕು ದಿನ ಬಿಡಲಿಲ್ಲ. ಆಗ ಆ ಹಾಲಿನಲ್ಲಿ, ಕಂಪ್ಯೂಟರುಗಳ ಮೇಲೆ, ಡಾಂಬರಿನವನು ಕೂತಿದ್ದ ಜಾಗಕ್ಕಿಂತ ಎರಡು ಎಲೆ ಆಚೆ, ನೀರು ಬಿತ್ತು.

ಒಂದು ವಾರದಲ್ಲಿ ಎಲ್ಲ ಕಿತ್ತರು. ಮಣ್ಣನ್ನು ಗೋಣಿಯಲ್ಲಿ ತುಂಬಿ ಮೂರನೇ ಮಹಡಿಯಿಂದ ಕೆಳಗೆ ಒಗೆಯುತ್ತಿದ್ದರಂತೆ. ಇವರು ರಸ್ತೆಯ ಆಚೆ ನಿಂತು ನೋಡಿ ಬಂದರು. ಎಂಜಿನಿಯರ್ ತನ್ನ ಲೆಕ್ಕ ಸರಿ ಎಂದು ಕಾಗದ ಬರೆದ. ಡಾಂಬರಿನವನು ಬೇರು ತನ್ನ ಹಾಳೆಯನ್ನು ತೂತು ಮಾಡಿತು ಎಂದ. ನರ್ಸರಿಯವನು, ನಾಲ್ಕು ತಿಂಗಳ ಹುಲ್ಲಿನ ಬೇರು ಡಾಂಬರು ತೂತು ಮಾಡುತ್ತದಾ ಎಂದು ಅವನ ಕಾಲರ್ ಹಿಡಿದದ್ದು ನನ್ನ ಹಾಲಿನಲ್ಲೇ. ಆರ್ಕಿಟೆಕ್ಟ್ ಹೆಂಗಸು ಅಳುತ್ತ ಹೋದಳು. ಅದೇ ಕೊನೆಯ ಶನಿವಾರ. ಕಂಪೆನಿಯವರು ಕಾವಲಿನವರನ್ನೂ ಬದಲಾಯಿಸಿದರು. ಯಾವ ನೌಕರಿ ಉಳಿಸಲೆಂದು ನಾನು ಬಾಯಿ ಮುಚ್ಚಿದ್ದೆನೋ ಅದೂ ಹೋಯಿತು. ಮಗಳ ಮದುವೆ ಆಯಿತೋ ಇಲ್ಲವೋ ತಿಳಿಯಲಿಲ್ಲ.

ಇವರು ಊಟಕ್ಕೆ ಬರುವುದು ಬಿಡಲಿಲ್ಲ. ಬಂದು ಕೂತು ನೇರ ಎಲೆ ನೋಡುತ್ತಿದ್ದರು. ಸೂರು ನೋಡುವುದು ನಿಂತುಹೋಯಿತು. ನನ್ನ ಬೋರ್ಡಿನ ಸೀಮೆಸುಣ್ಣ ಕಳೆಯುವುದೂ ನಿಂತಿತು. ಡಾಕ್ಟರೊಬ್ಬರು ತಮ್ಮ ನರ್ಸಿಂಗ್ ಹೋಮಿಗೆ ತೋಟ ಬೇಕು ಎಂದು ಮೆಸ್ಸಿಗೇ ಹುಡುಕಿಕೊಂಡು ಬಂದರೆ, ಬೇಡ, ನನ್ನ ಪರೀಕ್ಷೆಯ ಮೇಲೆ ನನಗೇ ನಂಬಿಕೆ ಇಲ್ಲ ಎಂದು ಕಳಿಸಿಬಿಟ್ಟರು. ಆ ಮಾತು ನಾನು ಒಳಗಿನಿಂದ ಕೇಳಿದೆ.

ಅದಾದ ಮೇಲೂ ಹೇಳಲು ನನಗೆ ಎಂಟು ತಿಂಗಳು ಬೇಕಾಯಿತು. ಹಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಮಜ್ಜಿಗೆ ಬಡಿಸುತ್ತ ಹೇಳಿದೆ.

“ಆ ನೀರು ಬಿಟ್ಟದ್ದು ನಾನು.”

“ಯಾವ ನೀರು?”

“ನ್ಯೂ ಟೌನಿನದ್ದು. ಊಟದ ಹಿಂದಿನ ದಿನ ಬೆಣೆ ತೆಗೆದೆ, ಪಾತ್ರೆ ತೊಳೆಯಲಿಕ್ಕೆ. ಎಲ್ಲ ಹೋಯಿತು. ಬೆಳಿಗ್ಗೆ ಟ್ಯಾಂಕರಿನಿಂದ ತುಂಬಿಸಿದ್ದು.”

ಮಜ್ಜಿಗೆ ಹರಿಯದ ಹಾಗೆ ಅನ್ನಕ್ಕೆ ಕಟ್ಟೆ ಕಟ್ಟಿದರು. ಬಯ್ಯುತ್ತಾರೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

“ನನಗ ಗೊತ್ತಿತ್ರಿ” ಎಂದರು. “ಅಂದ್ರ, ನೀವಂತ ಗೊತ್ತಿದ್ದಿಲ್ಲ. ಏನೋ ತಪ್ಪೇದ ಅಂತ ಗೆರಿ ನೋಡಿದಾಗನ ಗೊತ್ತಾಗಿತ್ತು. ಎರಡು ದಿನದ ಬಿಸಲಿಗೆ ನೀರು ಅರ್ಧ ಬೆರಳಾದ್ರೂ ಇಳೀಬೇಕು. ಸೋರಲಿ ಬಿಡಲಿ, ಬಿಸಲು ಕುಡೀತದಲ್ಲ. ಇಳಿದಿಲ್ಲಂದ್ರ ಅದು ನಾ ನಿಲ್ಲಿಸಿದ ನೀರಲ್ಲ.”

“ಗೊತ್ತಿದ್ದೂ ಯಾಕೆ ಕೂತದ್ದು ಮಾರಾಯ್ರೇ?”

“ನಾಲ್ಕೂ ಮಂದಿ ಎಲಿ ಮುಂದ ಕೂತಿದ್ರು ಅಕ್ಕಾರ. ಎಷ್ಟು ವರ್ಷ ಬೇಕಾತು ಅವರನ್ನ ಹಂಗ ಕೂಡಸ್ಲಿಕ್ಕೆ. ಇನ್ನ ಮೂರು ದಿನ ನೀರು ನಿಲ್ಲಸ್ತೇನಿ ಅಂದ್ರ ಆ ಮ್ಯಾನೇಜರು ತೋಟನ ಬ್ಯಾಡ ಅಂತಿದ್ದ. ಒಂದ ಒಂದು ಛಾದ್ ಸಿಕ್ಕಿತ್ತು. ಸೋರಲಿಕ್ಕಿಲ್ಲ ಅಂದ್ಕೊಂಡು ಕೂತೆ.”

“ಮತ್ತೆ ಆ ಡಾಕ್ಟರಿಗೆ ಪರೀಕ್ಷೆ ಮೇಲೆ ನಂಬಿಕೆ ಇಲ್ಲ ಅಂದದ್ದು?”

“ಪರೀಕ್ಷಾ ಸರೀನ ಅದ. ನಂಬಿಕಿ ಹೋಗಿದ್ದು ಪರೀಕ್ಷಾ ಮಾಡಾಂವನ ಮ್ಯಾಲ. ಹಂಗಂತ ಅವರ ಮುಂದ ಹ್ಯಾಂಗ ಹೇಳ್ಲಿ?”

“ನಾನು ಹೋಗಿ ಹೇಳುತ್ತೇನೆ ಕಂಪೆನಿಯವರಿಗೆ. ತಪ್ಪು ನನ್ನದು ಅಂತ.”

“ಯಾರಿಗೆ ಹೇಳ್ತೀರಿ? ಆ ಮ್ಯಾನೇಜರು ಹೋಗ್ಯಾನ. ಅಲ್ಲಿ ಈಗ ಟೈಲ್ಸ್ ಹಾಕ್ಯಾರ.” ಮಜ್ಜಿಗೆ ಅನ್ನ ಕಲಸಿದರು. “ಒಂದೀಟು ಉಪ್ಪು ಹಾಕ್ರಿ.”

ಹಾಕಿದೆ. ಅವತ್ತೂ ಅವರು ಮೇಲೆ ನೋಡಲಿಲ್ಲ. ಆಮೇಲಿನ ವರ್ಷಗಳಲ್ಲಿ ಅದರ ಬಗ್ಗೆ ಮತ್ತೆ ನಮ್ಮಿಬ್ಬರಲ್ಲಿ ಮಾತು ಬರಲಿಲ್ಲ.

ಹೋದ ದೀಪಾವಳಿಯ ಕಾಳಿಪೂಜೆ ಮುಗಿದು ಒಂದು ವಾರಕ್ಕೆ, ಅವರು ಬೆಳಿಗ್ಗೆ ಹಾಲು ತರಲು ಹೋಗಿ ಅಂಗಡಿಯ ಮುಂದೆಯೇ ಬಿದ್ದರು. ಎದೆ ನಿಂತಿತ್ತು. ಸ್ಮಶಾನಕ್ಕೆ ನಾಲ್ವರಲ್ಲಿ ಆರ್ಕಿಟೆಕ್ಟ್ ಹೆಂಗಸೊಬ್ಬಳೇ ಬಂದಳು. ಈಗ ಕಂಪೆನಿಯವರೇ ಹಸಿರು ಕಟ್ಟಡ ಬೇಕು ಎಂದು ಕೇಳುತ್ತಾರೆ ಮಾಶಿಮಾ, ತಾರಸಿಯಲ್ಲಿ ಕುಂಡ ಇಟ್ಟು ಫೋಟೋ ತೆಗೆಸುತ್ತಾರೆ ಎಂದಳು. ಅವಳಿಗೂ ಬೆಣೆಯ ವಿಷಯ ಹೇಳಿದೆ.

“ಈಗ ಹೇಳಿ ಏನು ಮಾಡುವುದು ಮಾಶಿಮಾ?” ಎಂದಳು. ಅವಳಿಗೆ ಫೋನು ಬಂತು, ಆಚೆ ಹೋದಳು.

ಈ ಮಾಘದಲ್ಲಿ ನಾನು ಊಟದ ಹಾಲಿನ ಮೇಲಿಂದ ಹಪ್ಪಳದ ಮಂಚ ಆಚೆ ಎಳೆಸಿದೆ. ಪೈಪಿನ ಬಾಯಿಗೆ ಗೋಣಿ ಸುತ್ತಿ ಬೆಣೆ ಹೊಡೆಸಿದೆ. ನಾಲ್ಕು ಬೆರಳು ನೀರು ನಿಲ್ಲಿಸಿ, ಬೋರ್ಡಿನ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಆರ್ಕಿಟೆಕ್ಟ್ ಹೆಂಗಸಿಗೆ ಫೋನು ಮಾಡಿಸಿದೆ, ಮೂರನೇ ದಿನ ಊಟಕ್ಕೆ ಬಾ, ಉಳಿದವರನ್ನೂ ಕರೆದುಕೊಂಡು ಬಾ, ತಾರಸಿ ಕೊಡುತ್ತೇನೆ ಎಂದು. ನೋಡುತ್ತೇನೆ ಎಂದಳು. ಎಂಜಿನಿಯರ್ ಮಗಳ ಮನೆಗೆ ಹೋಗಿದ್ದಾನಂತೆ. ಡಾಂಬರಿನವನು ಫೋನು ಎತ್ತುವುದಿಲ್ಲವಂತೆ. ಜೋಕಾದ ನರ್ಸರಿ ಮಾರಾಟವಾಗಿ ಅಲ್ಲಿ ಫ್ಲಾಟು ಏಳುತ್ತಿದೆಯಂತೆ.

ಮೂರನೇ ದಿನ ಮೆಸ್ಸಿನವರ ಊಟವೆಲ್ಲ ಮುಗಿದ ಮೇಲೆ ಐದು ಎಲೆ ಹಾಕಿ ಮೂರು ಗಂಟೆಯವರೆಗೆ ಕಾದೆ. ಆಮೇಲೆ ಪೈಪಿನ ಬಾಯಿಯ ನೇರ ಕೆಳಗಿನ ಎಲೆಯ ಮುಂದೆ ನಾನೇ ಕೂತೆ. ಈ ಗೋಡೆಯಿಂದ ಆ ಗೋಡೆಗೆ ಸೂರು ನೋಡಿದೆ. ಉಂಡೆ. ಹನಿ ಬೀಳಲಿಲ್ಲ.

ಗೋಡೆ ಹಿಡಿದುಕೊಂಡು ಮೇಲೆ ಹತ್ತಿ ನೋಡಿದೆ. ನೀರು ಗೆರೆಗಿಂತ ಅರ್ಧ ಬೆರಳು ಕೆಳಗಿತ್ತು.

ಇನ್ನೆರಡು ದಿನ ಬಿಟ್ಟೆ. ಯಾರೂ ಬರಲಿಲ್ಲ. ಸೊಳ್ಳೆಯಾಗುತ್ತದೆ ಎಂದು ಪಕ್ಕದ ಮನೆಯವರು ಜಗಳಕ್ಕೆ ಬಂದರು. ಬೆಣೆ ಕಿತ್ತೆ. ನೀರೆಲ್ಲ ಚರಂಡಿಗೆ ಹೋಯಿತು. ಹಪ್ಪಳದ ಮಂಚ ಮೊದಲಿನ ಜಾಗಕ್ಕೇ ಬಂತು. ಗೆರೆ ಅಳಿಸಿಲ್ಲ. ಮಳೆ ಬಂದರೆ ತಾನೇ ಹೋಗುತ್ತದೆ.